ಹರಳು ಕಡ್ಡಿಯಿಂದ ಬಿಡುವ ಗಳಿಗೆ: ನಷ್ಟ ಯಾರ ಪಾಲಿಗೆ?

ಶಿರಸಿ ತಾಲ್ಲೂಕಿನ ದಾಸನಕೊಪ್ಪದಂತಹ ಊರುಗಳಲ್ಲಿ ಚಿನ್ನಾಭರಣದ ವ್ಯವಹಾರವೆಂದರೆ ಬಹುಮಟ್ಟಿಗೆ ಹಳೆಯ ಒಡವೆಗಳ ವ್ಯವಹಾರವೇ ಆಗಿರುತ್ತದೆ. ಅಡಿಕೆ, ಭತ್ತ, ಶುಂಠಿಯ ಹಣ ಕೈಗೆ ಬಂದ ಕಾಲದಲ್ಲಿ, ಅಥವಾ ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಅಜ್ಜಿಯ ಕಾಲದ ಉಂಗುರ, ಮೂಗುಬಟ್ಟು, ಓಲೆಗಳು ಪೆಟ್ಟಿಗೆಯಿಂದ ಹೊರಬಂದು ಅಕ್ಕಸಾಲಿಗರ ಮುಂದೆ ಕೂರುತ್ತವೆ. ಚಿನ್ನವನ್ನು ಕರಗಿಸಿ ಹೊಸ ರೂಪ ಕೊಡುವ ಕೆಲಸ ಊರಿನಲ್ಲಿಯೇ ನಡೆಯುತ್ತದೆ. ಆದರೆ ಮಾಸಿದ, ಗೀರು ಬಿದ್ದ ಹರಳಿಗೆ ಮತ್ತೆ ಸಾಣೆ ಹಿಡಿಯಬೇಕಾದರೆ ಅದು ನಮ್ಮಂತಹ ವ್ಯಾಪಾರಿಗಳ ಮೂಲಕ ದೂರದ ಊರಿನ ಕುಶಲಕರ್ಮಿಯ ಕೈಗೆ ಹೋಗಬೇಕಾಗುತ್ತದೆ. ಹೀಗೆ ಹೋದ ಹರಳು ಮರಳಿ ಬರುವವರೆಗಿನ ಹಾದಿಯಲ್ಲಿ ಅತ್ಯಂತ ಅಪಾಯದ ಗಳಿಗೆ ಯಾವುದು, ಆ ಗಳಿಗೆಯಲ್ಲಿ ಆಗುವ ನಷ್ಟವನ್ನು ಯಾರು ಹೊರಬೇಕು ಎಂಬ ವಿಷಯವನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊದಲಿಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ದಾಸನಕೊಪ್ಪದ ಕಡೆಯ ಗ್ರಾಹಕರೊಬ್ಬರು ತಮ್ಮ ತಾಯಿಯ ಪಚ್ಚೆಯ ಉಂಗುರವನ್ನು ತಂದಿದ್ದರು. ಹರಳಿನ ಅಂಚುಗಳು ಸವೆದಿದ್ದವು. ನಾನು ಅದನ್ನು ಕಳಚಿಸಿ, ತೂಕ ಬರೆದು, ಹರಳು ಕಡೆಯುವವರೊಬ್ಬರಿಗೆ ಕಳುಹಿಸಿದೆ. ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು. ಆದರೆ ಹಿಂದಿರುಗಿ ಬಂದ ಪಚ್ಚೆಯಲ್ಲಿ ಹಿಂದೆ ಕಾಣದಿದ್ದ ಬಿಳಿಯ ಬಿರುಕುಗಳು ಜೇಡರ ಬಲೆಯಂತೆ ಎದ್ದು ಕಾಣುತ್ತಿದ್ದವು. ಕಡ್ಡಿಗೆ ಅಂಟಿಸಿದ್ದ ಹರಳನ್ನು ಬಿಡಿಸಲು ಅವರು ಅಸಿಟೋನ್ ದ್ರವದಲ್ಲಿ ರಾತ್ರಿಯಿಡೀ ನೆನೆಸಿದ್ದರು. ಬಿರುಕುಗಳಲ್ಲಿ ತುಂಬಿಸಿದ್ದ ಎಣ್ಣೆ ಅದರಲ್ಲಿ ಕರಗಿ ಹೋಗಿತ್ತು. ಪಚ್ಚೆಗೆ ಎಣ್ಣೆ ತುಂಬಿಸುವ ಪದ್ಧತಿ ಪುರಾತನವಾದುದು, ವ್ಯಾಪಾರದಲ್ಲಿ ಎಲ್ಲರೂ ಬಲ್ಲದ್ದು. ನನಗೂ ಗೊತ್ತಿತ್ತು. ಆದರೆ ಹರಳಿನ ಜೊತೆ ಕಳುಹಿಸಿದ ಚೀಟಿಯಲ್ಲಿ ನಾನು ಅದನ್ನು ಬರೆದಿರಲಿಲ್ಲ. ಕಡೆದವರ ಕೂಲಿಯನ್ನು ಹಿಡಿದುಕೊಂಡೆ. ಗ್ರಾಹಕರಿಗೆ ಸಮಾಧಾನ ಹೇಳಿದೆ. ಆ ಹರಳಿಗೆ ಮತ್ತೆ ಎಣ್ಣೆ ತುಂಬಿಸಬಹುದೆಂದು ತಿಳಿದ ಮೇಲೆ, ಮತ್ತು ತಪ್ಪಿನ ಮೂಲ ನನ್ನ ಚೀಟಿಯಲ್ಲಿತ್ತೆಂದು ಅರಿವಾದ ಮೇಲೆ, ಹಿಡಿದ ಕೂಲಿಯನ್ನು ಹಿಂದಿರುಗಿಸಿದೆ. ಆದರೆ ಎಲ್ಲ ಪ್ರಕರಣಗಳೂ ಹೀಗೆ ಮುಗಿಯುವುದಿಲ್ಲ.

ಅಂಟಿಸುವುದು ಸುಲಭ, ಬಿಡಿಸುವುದು ಕಷ್ಟ

ಈ ಕಸುಬನ್ನು ಹತ್ತಿರದಿಂದ ನೋಡದ ಸದಸ್ಯರಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಬಟಾಣಿಗಿಂತ ಚಿಕ್ಕದಾದ ಹರಳನ್ನು ಬೆರಳಿನಲ್ಲಿ ಹಿಡಿದು ತಿರುಗುವ ಸಾಣೆಗೆ ಒಡ್ಡಲು ಸಾಧ್ಯವಿಲ್ಲ. ಆದುದರಿಂದ ಅದನ್ನು ಮರದ ಅಥವಾ ಲೋಹದ ಸಣ್ಣ ಕಡ್ಡಿಯ ತುದಿಗೆ ಅಂಟಿಸುತ್ತಾರೆ. ಇದನ್ನು ಕಸುಬಿನವರು ಡಾಪ್ ಕಡ್ಡಿ ಎನ್ನುತ್ತಾರೆ. ಹರಳಿನ ಒಂದು ಪಾರ್ಶ್ವದ ಮುಖಗಳನ್ನು ಕಡೆದು ಮೆರುಗು ಕೊಟ್ಟ ನಂತರ, ಆ ಪಾರ್ಶ್ವವನ್ನು ಇನ್ನೊಂದು ಕಡ್ಡಿಗೆ ಅಂಟಿಸಿ, ಮೊದಲನೆಯ ಕಡ್ಡಿಯನ್ನು ಬಿಡಿಸಿ, ಎರಡನೆಯ ಪಾರ್ಶ್ವವನ್ನು ಕಡೆಯಬೇಕು. ಅಂದರೆ ಪೂರ್ತಿಯಾಗಿ ಕಡೆಯುವ ಪ್ರತಿಯೊಂದು ಹರಳೂ ಎರಡು ಬಾರಿ ಅಂಟಿನಿಂದ ಬಿಡುಗಡೆ ಹೊಂದುತ್ತದೆ. ಎರಡನೆಯ ಬಿಡುಗಡೆಯ ಹೊತ್ತಿಗೆ ಅದರ ಮೇಲೆ ಪೂರ್ತಿ ಕೂಲಿ, ಪೂರ್ತಿ ಸಮಯ ವ್ಯಯವಾಗಿರುತ್ತದೆ. ಆಗ ಒಡೆದರೆ ನಷ್ಟವೂ ಪೂರ್ತಿ.

ಪರಂಪರೆಯಿಂದ ಬಂದ ಅಂಟು ಅರಗು. ಅಕ್ಕಸಾಲಿಗರ ಮನೆಗೂ ಚನ್ನಪಟ್ಟಣದ ಬೊಂಬೆಯ ಚರಕಿಗೂ ಇದು ಹೊಸದಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಮೇಲೆ ಅರಗಿನ ಕೀಟ ಸ್ರವಿಸುವ ಈ ರಾಳದ ಬಗ್ಗೆ ಸಂಶೋಧನೆ ನಡೆಸಲು ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ 1924ರಲ್ಲಿಯೇ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅರಗಿಗೆ ಮೇಣ, ಜೇಡಿಯಂತಹ ಪುಡಿಗಳನ್ನು ಬೆರೆಸಿ ಮಾಡಿದ ಅಂಟು ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೆತ್ತಗಾಗುತ್ತದೆ. ಇದನ್ನು ಬಿಡಿಸುವ ದಾರಿಗಳು ಎರಡು. ಸ್ಪಿರಿಟ್ ದೀಪದ ಜ್ವಾಲೆಗೆ ಕಡ್ಡಿಯನ್ನು ಒಡ್ಡಿ ಅಂಟನ್ನು ಮೆತ್ತಗಾಗಿಸುವುದು ಒಂದು. ಕಡ್ಡಿ ಸಹಿತ ಹರಳನ್ನು ಫ್ರೀಜರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಅಂಟು ಕುಗ್ಗಿ ಪೆಡಸಾದ ಮೇಲೆ ಚಾಕುವಿನ ಮೊಂಡು ಅಂಚಿನಿಂದ ಮೆಲ್ಲಗೆ ಒತ್ತಿ ಕಳಚುವುದು ಇನ್ನೊಂದು. ಉಳಿದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಒರೆಸಬಹುದು.

ಜ್ವಾಲೆಯ ದಾರಿಗೆ ಅರ್ಧ ನಿಮಿಷ ಸಾಕು. ತಂಪಿನ ದಾರಿಗೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಬೇಕು, ಅದರೊಂದಿಗೆ ವಿದ್ಯುತ್ತೂ ಬೇಕು. ಮಳೆಗಾಲದಲ್ಲಿ ನಮ್ಮ ಭಾಗದ ಊರುಗಳಲ್ಲಿ ವಿದ್ಯುತ್ತಿನ ಪಾಡು ಏನೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಇವೆರಡಕ್ಕೂ ಮೇಲಾಗಿ ಹೊಸ ಅಂಟುಗಳು ಬಂದಿವೆ. 1958ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿ ಮಾರುಕಟ್ಟೆಗೆ ತಂದ ಸೈನೋಅಕ್ರಿಲೇಟ್ ಅಂಟು ಇಂದು ಕಿರಾಣಿ ಅಂಗಡಿಯಲ್ಲಿಯೂ ಪುಟ್ಟ ಟ್ಯೂಬಿನಲ್ಲಿ ಸಿಗುತ್ತದೆ. ಇದಕ್ಕೆ ಶಾಖ ಬೇಡ, ಕ್ಷಣದಲ್ಲಿ ಹಿಡಿಯುತ್ತದೆ. ಆದರೆ ಬಿಡಿಸಲು ಅಸಿಟೋನ್ ಬೇಕು, ತಾಳ್ಮೆಯೂ ಬೇಕು. ಎಪಾಕ್ಸಿ ಅಂಟು ಇನ್ನೂ ಬಲವಾದುದು. ಅದನ್ನು ಬಿಡಿಸಲು ಹೆಚ್ಚಿನ ಶಾಖವನ್ನೋ ಮಿಥಿಲೀನ್ ಕ್ಲೋರೈಡ್‌ನಂತಹ ಉಗ್ರ ದ್ರಾವಕವನ್ನೋ ಆಶ್ರಯಿಸಬೇಕಾಗುತ್ತದೆ. ಈ ದ್ರಾವಕವು ಆರೋಗ್ಯಕ್ಕೆ ಎಷ್ಟು ಹಾನಿಕರವೆಂದರೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಗ್ರಾಹಕ ಬಳಕೆಯನ್ನೂ ಹೆಚ್ಚಿನ ಕೈಗಾರಿಕಾ ಬಳಕೆಗಳನ್ನೂ ನಿಷೇಧಿಸುವ ನಿಯಮ ಹೊರಡಿಸಿತು. ಅಸಿಟೋನಿನ ಆವಿ ಸೊನ್ನೆ ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿಯೂ ಬೆಂಕಿ ಹಿಡಿಯಬಲ್ಲದು. ಒಂದೇ ಮೇಜಿನ ಮೇಲೆ ಅಸಿಟೋನಿನ ಬಾಟಲಿಯನ್ನೂ ಸ್ಪಿರಿಟ್ ದೀಪವನ್ನೂ ಇಟ್ಟುಕೊಂಡು ಕುಳಿತವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಠಿಣ್ಯ ಬೇರೆ, ಸಹನೆ ಬೇರೆ

ಗಟ್ಟಿಯಾದ ಹರಳಿಗೆ ಏನೂ ಆಗುವುದಿಲ್ಲ ಎಂಬ ತಪ್ಪು ಕಲ್ಪನೆ ವ್ಯಾಪಾರಿಗಳಲ್ಲಿಯೂ ಇದೆ. ಗೀರು ಬೀಳದಿರುವ ಗುಣ ಒಂದು, ಶಾಖವನ್ನೂ ಪೆಟ್ಟನ್ನೂ ತಾಳುವ ಗುಣ ಇನ್ನೊಂದು. ಪುಷ್ಯರಾಗವೆಂದು ಮಾರಾಟವಾಗುವ ಟೋಪಾಜ್ ಕಾಠಿಣ್ಯದಲ್ಲಿ 8ನೆಯ ದರ್ಜೆಯದು. ಆದರೂ ಒಂದು ದಿಕ್ಕಿನಲ್ಲಿ ಸೌದೆ ಸೀಳಿದಂತೆ ಸೀಳಿಹೋಗುವ ಸ್ವಭಾವ ಅದಕ್ಕಿದೆ. ಚಾಕುವಿನಿಂದ ತಪ್ಪು ದಿಕ್ಕಿನಲ್ಲಿ ಒತ್ತಿದರೆ ಮುಗಿಯಿತು. ಓಪಲ್ ಹರಳಿನ ಒಡಲಲ್ಲಿಯೇ ನೀರಿನ ಅಂಶವಿರುವುದರಿಂದ ಜ್ವಾಲೆಯ ಬಳಿ ಹಿಡಿದರೆ ಬಿರಿಯುತ್ತದೆ. ತಾಂಜನೈಟ್ ಹಠಾತ್ತಾದ ಉಷ್ಣತೆಯ ಬದಲಾವಣೆಯನ್ನು ಸಹಿಸುವುದಿಲ್ಲ. ಅದಕ್ಕೆ ಜ್ವಾಲೆಯೂ ಹಿತವಲ್ಲ, ಫ್ರೀಜರೂ ಹಿತವಲ್ಲ. ಅಂಬರ್ ರಾಳಜನ್ಯವಾದುದರಿಂದ ದ್ರಾವಕದಲ್ಲಿ ಅದರ ಮೆರುಗು ಕೆಡುತ್ತದೆ. ಇನ್ನು ಮಾಣಿಕ್ಯ ಸ್ವಭಾವತಃ ಧೀರ ಹರಳು. ಆದರೆ 2004ರ ಸುಮಾರಿಗೆ ಮಾರುಕಟ್ಟೆಗೆ ಬಂದ, ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯವು ಅಕ್ಕಸಾಲಿಗರ ಬೆಸುಗೆಯ ಶಾಖವನ್ನೂ ಒಡವೆ ತೊಳೆಯುವ ಆಮ್ಲವನ್ನೂ ತಾಳಲಾರದು. ಹೊರನೋಟಕ್ಕೆ ಎರಡೂ ಒಂದೇ ಕೆಂಪು.

ಈ ಪಟ್ಟಿಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎಲ್ಲ ಹರಳಿಗೂ ಒಪ್ಪುವ ಒಂದೇ ಬಿಡಿಸುವ ವಿಧಾನ ಇಲ್ಲ. ಯಾವ ವಿಧಾನ ಸರಿ ಎಂಬುದು ಹರಳಿನ ಜಾತಿಯನ್ನು ಮಾತ್ರವಲ್ಲ, ಅದಕ್ಕೆ ಹಿಂದೆ ಆಗಿರುವ ಸಂಸ್ಕರಣೆಯನ್ನೂ ಅವಲಂಬಿಸಿದೆ. ಆ ಸಂಸ್ಕರಣೆಯ ಮಾಹಿತಿ ಇರುವುದು ಕೊಂಡು ಮಾರುವವರ ಬಳಿ. ಅದರ ಅಗತ್ಯ ಇರುವುದು ಕಡೆಯುವವರಿಗೆ. ಇವರಿಬ್ಬರ ನಡುವೆ ಆ ಮಾಹಿತಿ ಸಾಗುತ್ತಿಲ್ಲ. ಹರಳು ಒಡೆಯುವುದು ಕಡ್ಡಿಯ ತುದಿಯಲ್ಲಿ. ಆದರೆ ಒಡಕಿನ ಕಾರಣ ಅನೇಕ ವೇಳೆ ನಮ್ಮ ಗಲ್ಲಾಪೆಟ್ಟಿಗೆಯ ಬಳಿಯೇ ಹುಟ್ಟಿರುತ್ತದೆ.

ಕೂಲಿಯ ಲೆಕ್ಕ

ಜೈಪುರದಲ್ಲಾಗಲಿ, ಕೃತಕ ಹರಳುಗಳಿಗೆ ಹೆಸರಾದ ತಿರುಚಿರಾಪಳ್ಳಿಯಲ್ಲಾಗಲಿ, ಈ ಕೆಲಸ ಬಹುಪಾಲು ನಗಕ್ಕಿಷ್ಟು ಎಂಬ ದರದಲ್ಲಿ ನಡೆಯುತ್ತದೆ. ಎಷ್ಟು ಹರಳು ಮುಗಿಸಿದರೋ ಅಷ್ಟಕ್ಕೆ ಕೂಲಿ. ಒಡೆದ ಹರಳಿಗೆ ಕೂಲಿಯಿಲ್ಲ. ಕೆಲವೊಮ್ಮೆ ಅದರ ಬೆಲೆಯೂ ಕಡಿತವಾಗುತ್ತದೆ. ಇಂತಹ ಲೆಕ್ಕದಲ್ಲಿ ಕಾಲು ಗಂಟೆ ಕಾಯುವವನಿಗೆ ನಷ್ಟ, ಅರ್ಧ ನಿಮಿಷದಲ್ಲಿ ಜ್ವಾಲೆಗೆ ಹಿಡಿಯುವವನಿಗೆ ಲಾಭ. ಆತುರಕ್ಕೆ ನಾವೇ ಬಹುಮಾನ ಕೊಟ್ಟು, ಆತುರದ ಫಲಕ್ಕೆ ಅವನನ್ನೇ ಶಿಕ್ಷಿಸುತ್ತಿದ್ದೇವೆ. ಇದು ನ್ಯಾಯವೂ ಅಲ್ಲ, ಜಾಣ ವ್ಯಾಪಾರವೂ ಅಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಅಡಿಕೆಯ ಭಾಷೆಯಲ್ಲಿ ಹೇಳಬಹುದು. ಶಿರಸಿಯ ಮಾರುಕಟ್ಟೆಯಲ್ಲಿ ಯಾರೂ ಬರಿಯ ‘ಅಡಿಕೆ’ ಎಂದು ಟೆಂಡರ್ ಹಾಕುವುದಿಲ್ಲ. ಚಾಲಿಯೇ, ರಾಶಿಯೇ, ಬೆಟ್ಟೆಯೇ, ಬಿಳೆಗೋಟೇ ಎಂಬುದು ಮೊದಲು ನಿಶ್ಚಯವಾಗುತ್ತದೆ, ಅನಂತರ ಬೆಲೆ. ಬೇಯಿಸಿದ್ದನ್ನು ಬೇಯಿಸದ್ದೆಂದು ಕೊಟ್ಟರೆ ಅದು ವ್ಯವಹಾರವೇ ಅಲ್ಲ. ಕ್ವಿಂಟಲ್ ಲೆಕ್ಕದ ಸರಕಿಗೆ ಇಷ್ಟು ಶಿಸ್ತು ಪಾಲಿಸುವ ನಾವು, ಕ್ಯಾರೆಟ್ ಲೆಕ್ಕದ ಸರಕನ್ನು ‘ಹಸಿರು ಹರಳು, ಒಂದು’ ಎಂಬ ಚೀಟಿಯೊಂದಿಗೆ ಕಳುಹಿಸುತ್ತಿದ್ದೇವೆ.

ಚಿನ್ನದ ವಿಷಯದಲ್ಲಿಯೂ ಶಿಸ್ತು ಬಂದಿದೆ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿ, ಒಡವೆಯ ಮೇಲೆಯೇ ಆರು ಅಕ್ಷರಾಂಕಗಳ ಗುರುತು ಕೆತ್ತಲ್ಪಡುತ್ತಿದೆ. ಆದರೆ ಆ ಗುರುತು ಚಿನ್ನದ ಶುದ್ಧತೆಗೆ ಮಾತ್ರ ಸಂಬಂಧಿಸಿದ್ದು. ಅದರಲ್ಲಿ ಕುಳಿತ ಹರಳಿನ ಪೂರ್ವಾಪರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ಕೊರತೆಯನ್ನು ಸರ್ಕಾರದ ಆದೇಶಕ್ಕೆ ಕಾಯದೆ ವ್ಯಾಪಾರಿಗಳೇ ತುಂಬಬಹುದು.

ಆಕ್ಷೇಪಣೆಗಳು

ಇದಕ್ಕೆ ಎರಡು ಆಕ್ಷೇಪಣೆಗಳು ಬರುವುದು ಸಹಜ. ಕಡೆಯುವವನು ಭೂತಗನ್ನಡಿಯಲ್ಲಿ ನೋಡಿ ತಾನೇ ತಿಳಿದುಕೊಳ್ಳಬೇಕು, ಅದೇ ಅವನ ವಿದ್ಯೆ ಎಂಬುದು ಮೊದಲನೆಯದು. ಅನುಭವಿಗಳಿಗೆ ಇದು ಬಹುಮಟ್ಟಿಗೆ ಸಾಧ್ಯ. ಆದರೆ ಬೆರಕೆಯಾಗಿ ಬಂದ ಪೊಟ್ಟಣದಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಲು ಕೂಲಿ ಕೊಡುವವರು ಯಾರು? ಗೊತ್ತಿದ್ದವನು ಹೇಳದೆ, ಗೊತ್ತಿಲ್ಲದವನು ಕಂಡುಹಿಡಿಯಲಿ ಎನ್ನುವುದು ವಿದ್ಯೆಯ ಪರೀಕ್ಷೆಯಲ್ಲ, ಹೊಣೆ ಜಾರಿಸುವ ಉಪಾಯ.

ಎಣ್ಣೆ, ಗಾಜು ಎಂದು ಬರೆದರೆ ಗ್ರಾಹಕ ಹೆದರುತ್ತಾನೆ, ಬೆಲೆ ಇಳಿಯುತ್ತದೆ ಎಂಬುದು ಎರಡನೆಯದು. ಈ ಭಯದಲ್ಲಿ ಸತ್ಯಾಂಶವಿದೆ, ತಳ್ಳಿಹಾಕಲಾರೆ. ಆದರೆ ಸಂಸ್ಕರಣೆಯನ್ನು ತಿಳಿಸಬೇಕೆಂಬುದು ವಿಶ್ವ ಆಭರಣ ಒಕ್ಕೂಟವಾದ ಸಿಬ್ಜೋದ ನಿಯಮಾವಳಿಗಳಲ್ಲಿಯೇ ಇದೆ. ಅದಕ್ಕಿಂತ ಮಿಗಿಲಾಗಿ, ಮೊದಲೇ ತಿಳಿದ ಎಣ್ಣೆ ಗ್ರಾಹಕರಿಗೆ ಒಂದು ಮಾಹಿತಿಯಾಗುತ್ತದೆ. ಬಿರುಕು ಬಿಟ್ಟ ಮೇಲೆ ತಿಳಿದ ಎಣ್ಣೆ ಮೋಸವಾಗಿ ಕಾಣುತ್ತದೆ. ನನ್ನ ಆ ಗ್ರಾಹಕರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮಗೆ ಮೊದಲೇ ಗೊತ್ತಿತ್ತೇ?’ ಅದಕ್ಕೆ ಉತ್ತರಿಸುವಾಗ ಆದ ಸಂಕೋಚವನ್ನು ನಾನು ಇಂದಿಗೂ ಮರೆತಿಲ್ಲ.

ಸಲಹೆಗಳು

ಸದಸ್ಯರ ಪರಿಶೀಲನೆಗಾಗಿ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

1. ಜಾಬ್‌ವರ್ಕ್‌ಗೆ ಸರಕು ಕಳುಹಿಸುವಾಗ ಜಿಎಸ್‌ಟಿ ನಿಯಮದಂತೆ ಚಲನ್ ಬರೆಯುತ್ತೇವೆ. ಅದರಲ್ಲಿ ಸರಕಿನ ವಿವರ, ಪ್ರಮಾಣ, ಮೌಲ್ಯ ಇರುತ್ತವೆ. ಅದೇ ಕಾಗದದಲ್ಲಿ ಇನ್ನೊಂದು ಸಾಲು ಸೇರಲಿ: ಹರಳಿನ ಜಾತಿ, ತಿಳಿದಿರುವ ಸಂಸ್ಕರಣೆ, ಮತ್ತು ‘ಶಾಖ ಬೇಡ’ ಅಥವಾ ‘ದ್ರಾವಕ ಬೇಡ’ ಎಂಬ ಎಚ್ಚರಿಕೆ. ಗೊತ್ತಿಲ್ಲದಿದ್ದರೆ ‘ತಿಳಿಯದು’ ಎಂದೇ ಬರೆಯಲಿ. ನೋಂದಣಿಯಿಲ್ಲದ ಸಣ್ಣ ಅಕ್ಕಸಾಲಿಗರು ಸಾದಾ ಚೀಟಿಯಲ್ಲಿಯೇ ಬರೆದರೂ ಸಾಕು.

2. ಕಡೆಯುವವರು ಬಳಸಿದ ಅಂಟು ಯಾವುದು, ಬಿಡಿಸಿದ್ದು ಹೇಗೆ ಎಂಬುದನ್ನು ಹಿಂದಿರುಗಿಸುವ ಚೀಟಿಯಲ್ಲಿ ನಮೂದಿಸಲಿ.

3. ಬಿಡಿಸುವ ಕೆಲಸಕ್ಕೆ ಪ್ರತ್ಯೇಕ ಕೂಲಿ ನಿಗದಿಯಾಗಲಿ. ಕಾಯುವ ಸಮಯಕ್ಕೂ ಬೆಲೆಯಿದೆ ಎಂದು ನಾವು ಒಪ್ಪಿದಾಗ ಮಾತ್ರ ಕಾಯುವವರು ಸಿಗುತ್ತಾರೆ.

4. ವಿವರ ಕೊಟ್ಟಿದ್ದೂ ಅದನ್ನು ಮೀರಿ ನಡೆದು ಹರಳು ಕೆಟ್ಟರೆ ಹೊಣೆ ಕಡೆಯುವವರದು. ವಿವರ ಕೊಡದೆ ಕೆಟ್ಟರೆ ಹೊಣೆ ಕಳುಹಿಸಿದವರದು. ಈ ಒಂದು ವಾಕ್ಯವನ್ನು ಸಂಘದ ಸದಸ್ಯರು ತಮ್ಮ ವ್ಯವಹಾರದ ಕರಾರಿನಲ್ಲಿ ಸೇರಿಸಿಕೊಳ್ಳಲಿ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಸಾಲು ಶಾಯಿ, ಕಾಲು ಗಂಟೆಯ ಕೂಲಿ, ಇಷ್ಟೇ. ಆದರೆ ಇದರ ಫಲ ದೊಡ್ಡದು. ಅಕ್ಕಸಾಲಿ ಮನೆತನಗಳ ಮಕ್ಕಳು ಕುಲಕಸುಬನ್ನು ಬಿಟ್ಟು ನಗರಗಳಿಗೆ ಹೋಗುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ತನ್ನದಲ್ಲದ ತಪ್ಪಿಗೆ ತಿಂಗಳ ದುಡಿಮೆಯನ್ನು ತೆರಬೇಕಾದ ಕಸುಬಿನಲ್ಲಿ ಯಾವ ತಂದೆ ತಾನೇ ಮಗನನ್ನು ಕೂರಿಸುತ್ತಾನೆ?

ದಾಸನಕೊಪ್ಪದ ಆ ಗ್ರಾಹಕರು ಇಂದಿಗೂ ನಮ್ಮ ಅಂಗಡಿಗೆ ಬರುತ್ತಾರೆ. ಮರಳಿ ಎಣ್ಣೆ ತುಂಬಿಸಿದ ಪಚ್ಚೆ ಈಗ ಅವರ ಮಗಳ ಬೆರಳಿನಲ್ಲಿದೆ. ಅದರ ಜೊತೆಗೆ ನಾನು ಬರೆದುಕೊಟ್ಟ ಚೀಟಿಯೊಂದೂ ಅವರ ಪೆಟ್ಟಿಗೆಯಲ್ಲಿದೆ: ಎಣ್ಣೆ ತುಂಬಿದ ಪಚ್ಚೆ, ಶಾಖ, ದ್ರಾವಕ ಎರಡೂ ಬೇಡ. ಈ ಚೀಟಿ ಮೊದಲೇ ಇರಬೇಕಾಗಿತ್ತು. ಮುಂದೆ ಆ ಉಂಗುರ ಯಾರ ಕೈಗೆ ಹೋದರೂ, ಕಡ್ಡಿಯ ತುದಿಯಿಂದ ಅದನ್ನು ಬಿಡಿಸುವ ಕೈಗೆ ಕನಿಷ್ಠ ತಾನು ಏನನ್ನು ಹಿಡಿದಿದ್ದೇನೆಂಬುದು ತಿಳಿದಿರುತ್ತದೆ. ಸದಸ್ಯರು ಈ ದಿಸೆಯಲ್ಲಿ ತಮ್ಮ ಅನುಭವ ಮತ್ತು ಅಭಿಪ್ರಾಯಗಳನ್ನು ಸಂಘದ ಮುಂದಿಡಬೇಕಾಗಿ ವಿನಂತಿ.