ಚರಗದ ಅನ್ನವೂ ಕಲ್ಲನಾಗರದ ಹಾಲೂ

ಶೀಗಿ ಹುಣ್ಣಿಮೆ ಸಮೀಪಿಸಿತೆಂದರೆ ಉಪದೇಶಗಳೂ ಆರಂಭವಾಗುತ್ತವೆ. ಇಷ್ಟಲಿಂಗಧಾರಿಯಾದವನು ಹೊಲಕ್ಕೆ ಹೋಗಿ ಮಣ್ಣಿಗೆ ಅನ್ನ ಚೆಲ್ಲುವುದು ಅನ್ಯದೈವದ ಆರಾಧನೆ, ಅದು ಶರಣಧರ್ಮಕ್ಕೆ ಹೊರತು ಎಂದು ವೇದಿಕೆಯ ಮೇಲೆ ನಿಂತು ಹೇಳುವುದು ಬಹು ಸುಲಭ. ಆಧಾರವಾಗಿ ಕಲ್ಲನಾಗರಕ್ಕೆ ಹಾಲೆರೆಯುವವರನ್ನು ಕುರಿತ ಬಸವಣ್ಣನವರ ವಚನವನ್ನು ಮುಂದಿಡುತ್ತಾರೆ. ಆ ವಚನವನ್ನು ಕೊನೆಯವರೆಗೆ ಓದಿದವರು ಹೀಗೆ ಹೇಳಲಾರರು.

ಆಶ್ವಯುಜದ ಈ ಹುಣ್ಣಿಮೆ ಪೈರು ತೆನೆಗಟ್ಟುವ ಕಾಲದಲ್ಲಿ ಬರುತ್ತದೆ. ಹುಬ್ಬಳ್ಳಿ–ಧಾರವಾಡಗಳ ನಡುವಿನ ಅಮರಗೋಳದಂಥ ಊರಿನ ಒಕ್ಕಲು ಮನೆತನಗಳು ಬೆಳೆ ಹೊತ್ತ ಭೂಮಿಯನ್ನು ಬಸುರಿ ಹೆಣ್ಣೆಂದು ಬಗೆದು ಅವಳಿಗೆ ಬಯಕೆಯ ಊಟ ಒಯ್ಯುತ್ತವೆ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಮತ್ತು ಅಗಸಿಯ ಚಟ್ನಿ, ಕಡುಬು, ಶೇಂಗಾ ಹೋಳಿಗೆ, ಮೊಸರನ್ನ. ಇವೆಲ್ಲ ಮನೆಯ ಒಲೆಯ ಮೇಲೆಯೇ ಆಗಬೇಕು. ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಎಲ್ಲರೂ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಮಲೆನಾಡಿನಲ್ಲಿ ಇದೇ ಹಬ್ಬ ಭೂಮಿ ಹುಣ್ಣಿಮೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಊಟ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತಾರೆ. ಎರಡೂ ಕಡೆ ಪುರೋಹಿತನಿಲ್ಲ, ಮಂತ್ರವಿಲ್ಲ, ದಕ್ಷಿಣೆಯಿಲ್ಲ. ಶರಣರು ಬೇಡವೆಂದದ್ದು ಇಲ್ಲಿ ಮೊದಲೇ ಇಲ್ಲ!

ಒಂದು ಮಾತನ್ನು ಟೀಕಾಕಾರರಿಗೆ ಬಿಟ್ಟುಕೊಡಬೇಕು. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವ ರೂಢಿ ಲಿಂಗನಿಷ್ಠೆಗೆ ಒಗ್ಗದು. ಕರಸ್ಥಲದಲ್ಲಿ ಲಿಂಗವಿರಲು ಬದುವಿನ ಕಲ್ಲಿಗೆ ಆರತಿ ಏಕೆ? ಆದರೆ ಕಲ್ಲಿನ ಪೂಜೆಯನ್ನೂ ಚರಗವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊರಗೆಸೆಯುವುದು ವಿವೇಕವಲ್ಲ.

ವಚನದ ತಿವಿತ ಎಲ್ಲಿದೆ? ಉಣ್ಣದ ಲಿಂಗಕ್ಕೆ ಬೋನ ಹಿಡಿದು, ಉಣ್ಣಬಲ್ಲ ಜಂಗಮನನ್ನು ಬಾಗಿಲಿನಿಂದ ಅಟ್ಟುವವನ ಮೇಲೆ. ಚರಗದ ಅನ್ನವನ್ನು ಉಣ್ಣುವವರಿದ್ದಾರೆ. ಗುಬ್ಬಿ, ಗೊರವಂಕ, ಇರುವೆ ಇವು ಕಲ್ಲಲ್ಲ. ಬಿತ್ತಿದವನು ಒಂದು ಪಾಲನ್ನು ಸಕಲ ಜೀವಿಗಳಿಗೆ ಮರಳಿಸುವುದನ್ನು ದಾಸೋಹವೆನ್ನದೆ ಮತ್ತೇನೆನ್ನಬೇಕು?

ಆದರೂ ಆ ವಚನ ಹೊಲದ ಬದುವಿನವರೆಗೆ ಬಂದೇ ಬರುತ್ತದೆ. ಅಲ್ಲಿ ಅದು ಕೇಳುವ ಪ್ರಶ್ನೆ ಬೇರೆ. ಮಳೆಗಾಲವೆಲ್ಲ ಸೊಂಟ ಬಗ್ಗಿಸಿ ಕಳೆ ತೆಗೆದವಳು ಈ ದಿನ ಎಲ್ಲಿ ಕುಳಿತಿದ್ದಾಳೆ? ಭೂತಾಯಿಗೆ ಹೋಳಿಗೆ ಚೆಲ್ಲಿ, ಆಕೆಗೆ ಮಾತ್ರ ದೂರದಿಂದ ಸೆರಗಿಗೆ ರೊಟ್ಟಿ ಹಾಕಿ ಕಳುಹಿಸುವ ಮನೆಗಳು ಇದ್ದರೆ, ಅಲ್ಲಿನ ಚರಗ ಕಲ್ಲನಾಗರದ ಹಾಲೇ ಸರಿ. ಹರಳಯ್ಯ, ಮಧುವರಸರ ಮನೆತನಗಳು ಬೀಗರಾದ ಕಲ್ಯಾಣದ ಕಥೆಯನ್ನು ಪ್ರವಚನದಲ್ಲಿ ಕೇಳಿ ಕಣ್ಣೊರೆಸಿಕೊಂಡವರು ಪಂಕ್ತಿಯಲ್ಲಿ ಜಾತಿ ನೋಡುವುದೆಂದರೇನು? 2024ರ ಜನವರಿಯಲ್ಲಿ ಸರಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸಂತೋಷ. ಆ ನಾಯಕತ್ವ ಹೊಲದ ಪಂಕ್ತಿಗೆ ಇನ್ನೂ ತಲುಪಬೇಕಾಗಿದೆ.

ಇನ್ನು ರೊಟ್ಟಿ, ಹೋಳಿಗೆಗಳನ್ನು ಅಂಗಡಿಯಿಂದ ಕಟ್ಟಿಸಿಕೊಂಡು ಕಾರಿನಲ್ಲಿ ಹೊಲಕ್ಕೆ ಬಂದು, ಫೋಟೋ ತೆಗೆಸಿಕೊಂಡು ಮರಳುವವರು. ಅಡಿಗೆಯೂ ಕಾಯಕ. ತನ್ನ ಕೈಯ ಶ್ರಮ ಸೇರಿದ ಪದಾರ್ಥ ಲಿಂಗಾರ್ಪಿತವಾದಾಗ ಪ್ರಸಾದವಾಗುವುದು. ಹಾಗೆಂದು ಆ ಕಾಯಕವನ್ನೆಲ್ಲ ಮನೆಯ ಹೆಣ್ಣುಮಕ್ಕಳ ಮೇಲೆ ಹೇರಿ, ಗಂಡಸರು ಚರಗ ಚೆಲ್ಲುವ ಗೌರವವನ್ನಷ್ಟೇ ಪಡೆಯುವುದೂ ನ್ಯಾಯವಲ್ಲ. ಬಗೆಬಗೆಯ ಭಕ್ಷ್ಯಗಳನ್ನು ಎಣಿಸಿ ಬೀಗುವವರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗಲಿ. ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಆಕೆ ಮರಳಿಸಿ ಬರಲು ಹೇಳಿದಳು.

ಅಮರಗೋಳದ ಭಕ್ತರು ಈ ಹುಣ್ಣಿಮೆಗೆ ಹೊಲದಲ್ಲಿಯೇ ಲಿಂಗಪೂಜೆ ಮಾಡಿ, ಲಿಂಗಕ್ಕರ್ಪಿಸಿ ಬುಟ್ಟಿ ಬಿಚ್ಚಲಿ. ಕಳೆ ತೆಗೆದವರಿಗೂ ಕುಂಟೆ ಹೊಡೆದವರಿಗೂ ಹಿಂದಿನ ದಿನವೇ ಹೇಳಿಕಳುಹಿಸಲಿ, ಮೊದಲ ಎಲೆಗಳನ್ನು ಅವರಿಗೇ ಹಾಸಲಿ.