ನೋಡಿದವರ ಬಾಗಿಲಿಗೆ ಪೊಲೀಸರೇಕೆ?

ಇಟಲಿಯ ನೇಪಲ್ಸ್ ಕಡೆಯ ಆಡುಮಾತಿನಲ್ಲಿ ‘ಪೆಟ್ಸೊಟ್ಟೊ’ ಎಂಬ ಪದವಿದೆ. ನಕಲಿ ಮಾಲು ಎಂದರ್ಥ. ಈಗ ಕೆಲವು ವರ್ಷಗಳಿಂದ ಇಡೀ ಇಟಲಿಯಲ್ಲಿ ಆ ಪದ ಒಂದೇ ವಸ್ತುವಿಗೆ ಅಂಟಿಕೊಂಡಿದೆ: ತಿಂಗಳಿಗೆ ಹತ್ತು ಯುರೋ ಆಸುಪಾಸು ಕೊಟ್ಟರೆ ಫುಟ್ಬಾಲು, ಸಿನಿಮಾ, ಎಲ್ಲ ಪೇ ಚಾನೆಲ್ಲುಗಳನ್ನೂ ತೋರಿಸುವ ಅಕ್ರಮ ಟಿವಿ ಸಂಪರ್ಕ. ಕಟಿಂಗ್ ಶಾಪಿನವನು, ಮೊಬೈಲ್ ರಿಪೇರಿಯವನು, ಗೆಳೆಯನ ಗೆಳೆಯ ಹೀಗೆ ಯಾರೋ ಒಬ್ಬರು ಹಾಕಿಕೊಡುತ್ತಾರೆ. ಈ ವ್ಯವಸ್ಥೆಯನ್ನು ಮುರಿಯಲು ಇಟಲಿ 2023ರ ಜುಲೈನಲ್ಲಿ ಹೊಸ ಕಾನೂನು ತಂದಿತು. ಮಾರುವವನ ಜೊತೆಗೆ ನೋಡುವವನನ್ನೂ ಆ ಕಾನೂನು ಗಟ್ಟಿಯಾಗಿ ಹಿಡಿಯಿತು. ಮೊದಲ ಸಲ ಸಿಕ್ಕಿಬಿದ್ದರೆ ನೂರೈವತ್ತು ಯುರೋ ಚಿಲ್ಲರೆ, ಮತ್ತೆ ಮತ್ತೆ ಸಿಕ್ಕಿದರೆ 5,000 ಯುರೋವರೆಗೆ ದಂಡ. 2025ರಲ್ಲಿ ಅಲ್ಲಿನ ಹಣಕಾಸು ಪೊಲೀಸರು ಮಾರಾಟಗಾರರ ತನಿಖೆಯಲ್ಲಿ ಸಿಕ್ಕ ಗಿರಾಕಿಗಳ ಜಾಡು ಹಿಡಿದು ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ದಂಡ ಹಾಕಿದರು. ಅದೇ ವರ್ಷ ಗ್ರೀಸ್ ಕೂಡ ಮನೆಯಲ್ಲಿ ಕೂತು ನೋಡುವವರಿಗೆ 750 ಯುರೋ ದಂಡದ ಕಾನೂನು ಮಾಡಿತು.

ನಮ್ಮಲ್ಲೂ ಇದನ್ನೇ ಮಾಡಬೇಕು ಎನ್ನುವ ದನಿಗಳು ಏಳುತ್ತಿವೆ. ಮಾಡಬಾರದು ಎಂದು ವಾದಿಸಲು ಈ ಪತ್ರ.

ಮೊದಲು ಇಟಲಿಯ ಕತೆಯನ್ನೇ ಪೂರ್ತಿ ನೋಡೋಣ. ಅಲ್ಲಿನ ಫುಟ್ಬಾಲ್ ಲೀಗಿನ ಪಂದ್ಯಗಳನ್ನು ತೋರಿಸುವ ಹಕ್ಕಿನ ಸಿಂಹಪಾಲು 2021ರಲ್ಲಿ ಡಜೋನ್ ಎಂಬ ಕಂಪನಿಗೆ ಹೋಯಿತು. ಆಗ ತಿಂಗಳ ಚಂದಾ 29.99 ಯುರೋ. ಎರಡು ವರ್ಷದಲ್ಲಿ ಅದು ನಲವತ್ತು ದಾಟಿತು. ದರ ಏರಿದಷ್ಟೂ ಪೆಟ್ಸೊಟ್ಟೊ ಗಿರಾಕಿಗಳು ಸಿಗುವುದು ಸಹಜವೇ. ಅದಕ್ಕೆ ಸರ್ಕಾರ ಕಂಡುಕೊಂಡ ಮದ್ದು ‘ಪೈರಸಿ ಶೀಲ್ಡ್’ ಎಂಬ ತಂತ್ರಾಂಶ. ಹಕ್ಕುದಾರ ಕಂಪನಿ ಒಂದು ವಿಳಾಸವನ್ನು ಅದರಲ್ಲಿ ನಮೂದಿಸಿದರೆ ಮೂವತ್ತು ನಿಮಿಷದೊಳಗೆ ದೇಶದ ಎಲ್ಲ ಇಂಟರ್‌ನೆಟ್ ಕಂಪನಿಗಳೂ ಆ ವಿಳಾಸವನ್ನು ಬಂದ್ ಮಾಡಬೇಕು. ಮೊದಲೇ ನೋಡಿ ಸರಿಯೆನ್ನಲು ನ್ಯಾಯಾಧೀಶರಿಲ್ಲ. ಆ ತಂತ್ರಾಂಶವನ್ನು ಸರ್ಕಾರಕ್ಕೆ ದಾನ ಕೊಟ್ಟದ್ದು ಬೇರೆ ಯಾರೂ ಅಲ್ಲ, ಅದೇ ಫುಟ್ಬಾಲ್ ಲೀಗು. ಜಮೀನ್ದಾರರೇ ಊರಿಗೆ ಠಾಣೆ ಕಟ್ಟಿಸಿಕೊಟ್ಟ ಹಾಗೆ. 2024ರ ಅಕ್ಟೋಬರಿನ ಒಂದು ಶನಿವಾರ ಸಂಜೆ ಈ ಯಂತ್ರ ಗೂಗಲ್ ಡ್ರೈವ್‌ನ ಒಂದು ವಿಳಾಸವನ್ನೇ ಬಂದ್ ಮಾಡಿತು. ಫುಟ್ಬಾಲಿಗೆ ಸಂಬಂಧವೇ ಇಲ್ಲದವರು ತಮ್ಮದೇ ಫೈಲುಗಳನ್ನು ಇಳಿಸಿಕೊಳ್ಳಲಾಗದೆ ಗಂಟೆಗಟ್ಟಲೆ ಕೂತರು.

ಇಷ್ಟೆಲ್ಲ ಆದ ಮೇಲೆ, 2024ರ ನವೆಂಬರಿನಲ್ಲಿ ಸಿಸಿಲಿಯ ಕತಾನಿಯಾದ ಪ್ರಾಸಿಕ್ಯೂಟರುಗಳ ನೇತೃತ್ವದಲ್ಲಿ ಹಲವು ದೇಶಗಳ ಪೊಲೀಸರು ಒಂದು ಭಾರಿ ಜಾಲವನ್ನು ಹಿಡಿದರು. ಅದಕ್ಕೆ 2 ಕೋಟಿ 20 ಲಕ್ಷ ಬಳಕೆದಾರರಿದ್ದರು ಎಂದರು. ಈ ಅಂಕಿ ಉತ್ಪ್ರೇಕ್ಷೆಯೇ ಇರಬಹುದು. ಅರ್ಧಕ್ಕೆ ಇಳಿಸಿ ನೋಡಿದರೂ ಒಂದು ಕೋಟಿ ಜನ ದುಡ್ಡು ಕೊಟ್ಟು ನೋಡುತ್ತಿದ್ದರು ಎಂದಾಯಿತು. ಇವರು ಬಿಟ್ಟಿ ನೋಡುವವರಲ್ಲ, ಜೇಬಿಗೆ ಕೈ ಹಾಕಿದವರು. ಹತ್ತು ಯುರೋ ಕೊಡಲು ತಯಾರಿದ್ದ ಗಿರಾಕಿ ನಲವತ್ತಕ್ಕೆ ತಯಾರಿರಲಿಲ್ಲ. ಅಂಗಡಿಯವನು ಕೂತು ಯೋಚಿಸಬೇಕಾದ ವಿಷಯ ಇದು. ಪೊಲೀಸರದ್ದಲ್ಲ.

ಈಗ ನಮ್ಮ ಮನೆಗೆ ಬರೋಣ. 2021ರ ಜುಲೈನಲ್ಲಿ ಮಹಾರಾಷ್ಟ್ರದ ಸೈಬರ್ ಪೊಲೀಸರು ಹೈದರಾಬಾದಿನಲ್ಲಿ ಥಾಪ್ ಟಿವಿ ಎಂಬ ಆ್ಯಪ್ ನಡೆಸುತ್ತಿದ್ದ ಆರೋಪದ ಮೇಲೆ ಒಬ್ಬ ಯುವ ಎಂಜಿನಿಯರನ್ನು ಬಂಧಿಸಿದರು. ಪೇ ಚಾನೆಲ್ಲುಗಳನ್ನು ಕಡಿಮೆ ದುಡ್ಡಿಗೆ ತೋರಿಸುತ್ತಿದ್ದ ಆ್ಯಪ್ ಅದು. 2025ರ ನವೆಂಬರಿನಲ್ಲಿ ಐಬೊಮ್ಮ ಎಂಬ ತಾಣ ನಡೆಸುತ್ತಿದ್ದ ಆರೋಪದ ಮೇಲೆ ಹೈದರಾಬಾದ್ ಪೊಲೀಸರು ಇನ್ನೊಬ್ಬನನ್ನು ಹಿಡಿದರು. ಕಮಿಷನರ್ ಸಜ್ಜನರ್, ನಮ್ಮ ಹುಬ್ಬಳ್ಳಿ ಮೂಲದವರೇ, ತೆಲುಗು ಚಿತ್ರರಂಗದ ಘಟಾನುಘಟಿಗಳ ಜೊತೆ ಪತ್ರಿಕಾಗೋಷ್ಠಿ ನಡೆಸಿದರು. ಅದರ ಬೆನ್ನಲ್ಲೇ ಸೋಷಿಯಲ್ ಮೀಡಿಯಾದಲ್ಲಿ ಆರೋಪಿಗೆ ಜೈಕಾರ ಶುರುವಾಯಿತು. ಬಡವರ ಬಂಧು, ರಾಬಿನ್ ಹುಡ್ ಎಂದೆಲ್ಲ ಕರೆದರು.

ಆ ಜೈಕಾರದಲ್ಲಿ ನಾನಿಲ್ಲ. ಬೆಟ್ಟಿಂಗ್ ಆ್ಯಪುಗಳ ಜಾಹೀರಾತು ತೋರಿಸಿ ದುಡ್ಡು ಮಾಡಿದ, ಬಳಕೆದಾರರ ಮಾಹಿತಿ ಗುಡ್ಡೆ ಹಾಕಿಕೊಂಡ ಎನ್ನುವುದು ಪೊಲೀಸರ ಆರೋಪ. ಅದು ಸಾಬೀತಾದರೆ ಶಿಕ್ಷೆಯಾಗಲಿ. ಬೇರೆಯವರ ದುಡಿಮೆಯನ್ನು ಮಾರಿಕೊಂಡು ಬದುಕುವವರ ಬಗ್ಗೆ ನನಗೆ ಕನಿಕರವಿಲ್ಲ. ಇರಲು ಸಾಧ್ಯವೂ ಇಲ್ಲ. ಎರಡು ವರ್ಷ ಕೂತು ನಾನು ಅನುವಾದಿಸಿದ ಪುಸ್ತಕ ಬಿಡುಗಡೆಯಾದ ಮೂರನೇ ವಾರಕ್ಕೆ ಒಂದು ಟೆಲಿಗ್ರಾಮ್ ಗುಂಪಿನಲ್ಲಿ ಪಿಡಿಎಫ್ ಆಗಿ ಓಡಾಡುತ್ತಿತ್ತು. ಸ್ಕ್ಯಾನ್ ಮಾಡಿದ ಪುಣ್ಯಾತ್ಮರು ಅನುವಾದಕರ ಮಾತಿನ ಪುಟಗಳನ್ನು ಮಾತ್ರ ಬಿಟ್ಟಿದ್ದರು. ಕಾಪಿರೈಟ್ ಎನ್ನುವುದು ನನಗೆ ಸಿದ್ಧಾಂತದ ಮಾತಲ್ಲ, ಮನೆ ಬಾಡಿಗೆಯ ಮಾತು.

ಆದರೆ ಆ ಪತ್ರಿಕಾಗೋಷ್ಠಿಯಲ್ಲಿ ಬಂದ ಒಂದು ಅಂಕಿ ನನ್ನನ್ನು ಕಾಡುತ್ತಿದೆ. ಸುಮಾರು 50 ಲಕ್ಷ ಬಳಕೆದಾರರ ಮಾಹಿತಿ ಆತನ ಬಳಿ ಇತ್ತಂತೆ. ನಿಮ್ಮ ಮಾಹಿತಿ ಕಳ್ಳರ ಕೈಗೆ ಹೋಗಿದೆ, ಹುಷಾರು ಎಂಬ ಅರ್ಥದಲ್ಲಿ ಅದನ್ನು ಹೇಳಿದರು. ಒಳ್ಳೆಯದೇ. ಆದರೆ ಅಂಥ ಪಟ್ಟಿ ಒಮ್ಮೆ ತನಿಖೆಯ ಫೈಲಿಗೆ ಸೇರಿದರೆ ಆಮೇಲೆ ಅದು ಏನಾಗುತ್ತದೆ? ಇಟಲಿಯಲ್ಲಿ ಏನಾಯಿತೆಂದು ಮೇಲೆ ಹೇಳಿದೆ. ಮಾರುವವನ ವಿರುದ್ಧದ ಸಾಕ್ಷ್ಯ ನೋಡುವವನ ವಿರುದ್ಧದ ಆರೋಪಪಟ್ಟಿಯಾಯಿತು.

ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಈ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟು ಹರಿತವಾದ ಕತ್ತಿ ಇದು. ಹಾಗಾಗಿ ಇದನ್ನು ಯಾರ ಮೇಲೆ ಬೀಸಬಹುದು ಎನ್ನುವ ಪ್ರಶ್ನೆ ಬಹಳ ದೊಡ್ಡದು. 2016ರ ಆಗಸ್ಟಿನಲ್ಲಿ ನೀವು ಬಂದ್ ಆದ ತಾಣವೊಂದನ್ನು ತೆರೆದಿದ್ದರೆ ಒಂದು ಎಚ್ಚರಿಕೆ ಕಾಣಿಸುತ್ತಿತ್ತು, ನೆನಪಿದೆಯೇ? ಇದನ್ನು ನೋಡಿದರೂ ಮೂರು ವರ್ಷ ಜೈಲು, ಮೂರು ಲಕ್ಷ ದಂಡ ಎನ್ನುವ ಅರ್ಥದ್ದು. ದೇಶವೆಲ್ಲ ಗಾಬರಿಯಾಯಿತು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಆ ಒಕ್ಕಣೆಯನ್ನು ತಿದ್ದಿಸಿದರು. ಬರೀ ನೋಡುವುದು ಅಪರಾಧವಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಎಂದು ಸ್ಪಷ್ಟಪಡಿಸಿದರು. ಮೂರು ವರ್ಷ ಕಳೆಯುವಷ್ಟರಲ್ಲಿ, 2019ರ ಏಪ್ರಿಲಿನಲ್ಲಿ, ದೆಹಲಿ ಹೈಕೋರ್ಟು ಇನ್ನೊಂದು ಪ್ರಕರಣದಲ್ಲಿ ನೋಡುಗರಿಗೆ ಮೊದಲು ಎಚ್ಚರಿಕೆ ಕಳಿಸಿ, ಕೇಳದಿದ್ದರೆ ದಂಡ ಹಾಕುವ ನೀತಿಯ ಬಗ್ಗೆ ಸರ್ಕಾರ ಯೋಚಿಸಬಹುದು ಎಂದು ಸಲಹೆ ಕೊಟ್ಟಿತು. ಆ ಸಲಹೆ ಇನ್ನೂ ಕಾನೂನಾಗಿಲ್ಲ. ಆಗಬಾರದು ಎನ್ನುವುದೇ ನನ್ನ ವಾದ.

ಭಾಷೆ ಓದಿದವಳಾದ್ದರಿಂದ ಪದದ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಪೊಲೀಸ್ ಪ್ರಕಟಣೆ ಕನ್ನಡಕ್ಕೆ ಬರುವಾಗ ಪೈರಸಿ ಎನ್ನುವುದು ಥಟ್ಟನೆ ‘ಕಳ್ಳತನ’ ಆಗಿಬಿಡುತ್ತದೆ, ನೋಡುವವನು ‘ಕದ್ದು ನೋಡುವವನು’ ಆಗುತ್ತಾನೆ. ಆದರೆ ಕನ್ನಡದ ‘ಕದ್ದು’ ಬಹಳ ಉದಾರವಾದ ಪದ. ಕದ್ದು ಕೇಳುತ್ತೇವೆ, ಕದ್ದುಮುಚ್ಚಿ ಓಡಾಡುತ್ತೇವೆ, ಮದುವೆ ಮನೆಯಲ್ಲಿ ಹುಡುಗನನ್ನು ಕದ್ದು ನೋಡುತ್ತೇವೆ. ಇಲ್ಲೆಲ್ಲ ಯಾರ ಗಂಟೂ ಹೋಗುವುದಿಲ್ಲ. ‘ಕದ್ದು’ ಎಂದರೆ ಗುಟ್ಟಾಗಿ ಎಂದಷ್ಟೇ. ಮನೆಯ ಬಂಗಾರ ಕದ್ದವನಿಗೂ ಪಂದ್ಯ ಕದ್ದು ನೋಡಿದವನಿಗೂ ನಮ್ಮ ಭಾಷೆ ಒಂದೇ ಕ್ರಿಯಾಪದ ಕೊಟ್ಟಿದ್ದರೂ ಒಂದೇ ಕೋಳ ಕೊಟ್ಟಿಲ್ಲ.

ಇನ್ನು ನಮ್ಮ ಪಾಡು. ಈ ಪತ್ರ ಓದುವ ಬಹುತೇಕರು ಕರ್ನಾಟಕದ ಹೊರಗಿದ್ದೀರಿ. ಕನ್ನಡದ್ದು ಏನನ್ನಾದರೂ ಸಕ್ರಮವಾಗಿ ನೋಡಲು ಎಷ್ಟು ಸುತ್ತಬೇಕೆಂದು ನಿಮಗೆ ಹೇಳಬೇಕಿಲ್ಲ. ಪುಣೆಯಲ್ಲಿ ನಮ್ಮ ಮಹಡಿಯಲ್ಲೇ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು ಎನ್ನುವ ಟ್ರಾಯ್ ನಿಯಮ 2019ರಲ್ಲೇ ಜಾರಿಗೆ ಬಂದಿದೆ. ಅಜ್ಜಿಯ ಕೇಬಲ್ಲಿನವನು ಮಾತ್ರ ‘ಕನ್ನಡ ನಮ್ಮ ಲೈನಿನಲ್ಲಿ ಬರೋದಿಲ್ಲ’ ಎನ್ನುತ್ತಾನೆ. ಡಿಶ್ ಹಾಕಿಸೋಣವೆಂದರೆ ಸೊಸೈಟಿಯವರು ಬಾಲ್ಕನಿಯಲ್ಲಿ ಕೊಡೆ ನಿಲ್ಲಿಸಲು ಬಿಡುವುದಿಲ್ಲ. ಕೊನೆಗೆ ಮೊಮ್ಮಗ ಯಾವುದೋ ಆ್ಯಪ್ ಹಾಕಿಕೊಟ್ಟಿದ್ದಾನೆ. ಸಂಜೆ ಏಳಕ್ಕೆ ಅಜ್ಜಿ ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಧಾರಾವಾಹಿ ನೋಡುತ್ತಾರೆ. ಐಬೊಮ್ಮ ಸುದ್ದಿ ಬಂದ ದಿನ ನನ್ನನ್ನು ಕರೆದು, ‘ಏನವಾ, ಇದನ್ನ ನೋಡಿದ್ರ ಪೊಲೀಸ್ರು ಬರ್ತಾರೇನ? ನಾ ಏನ್ ಕಳವು ಮಾಡೇನಿ?’ ಎಂದು ಕೇಳಿದರು. ಅವರು ತಿಂಗಳಿಗೆ ಇನ್ನೂರು ರೂಪಾಯಿ ಕೊಡಲು ತಯಾರು. ತೆಗೆದುಕೊಳ್ಳುವವರಿಲ್ಲ.

ಸಿನಿಮಾದ್ದು ಇನ್ನೂ ಕಷ್ಟ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ಶಿವಮ್ಮ’ ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದೇ 2024ರ ಜೂನಿನಲ್ಲಿ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ಮಾಡಿದ ‘ಏಕಂ’ ಸರಣಿಯನ್ನು ಯಾವ ದೊಡ್ಡ ಒಟಿಟಿಯೂ ತೆಗೆದುಕೊಳ್ಳದೆ, ಅವರು 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ರಕ್ಷಿತ್ ಶೆಟ್ಟಿಯಂಥ ಹೆಸರಿಗೇ ಈ ಗತಿ. ಕನ್ನಡಕ್ಕೆ ಮಾರುಕಟ್ಟೆಯೇ ಇಲ್ಲ ಎನ್ನುವವರೇ ಅಕ್ರಮ ತಾಣಗಳಿಂದ ಕನ್ನಡಕ್ಕೆ ನಷ್ಟ ಎಂದೂ ಹೇಳುತ್ತಾರೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಕ್ರಿಕೆಟ್ಟಿನದ್ದು ಬೇರೆ ಕತೆ. 2023 ಮತ್ತು 2024ರಲ್ಲಿ ಐಪಿಎಲ್ ಮೊಬೈಲಿನಲ್ಲಿ ಪೂರ್ತಿ ಉಚಿತ. ಹಕ್ಕು ಕೊಂಡ ಕಂಪನಿಯೇ ಊರೆಲ್ಲ ಕರೆದು ಬಿಟ್ಟಿ ಬಡಿಸಿತು. ಎರಡು ಕಂಪನಿಗಳು ಒಂದಾದ ಮೇಲೆ 2025ರಲ್ಲಿ ಚಂದಾ ಬಂತು. ಚಂದಾ ಕೇಳುವುದು ಅವರ ಹಕ್ಕು, ಸರಿ. ಆದರೆ ಎರಡು ವರ್ಷ ಬಿಟ್ಟಿಯ ರುಚಿ ಹತ್ತಿಸಿದವರು ಮೂರನೇ ವರ್ಷ ಬೇರೆ ಕಡೆ ತಟ್ಟೆ ಹಿಡಿದವರ ಮೇಲೆ ಪೊಲೀಸರನ್ನು ಬಿಡಿ ಎಂದರೆ, ಆ ಕೂಗಿಗೆ ಸರ್ಕಾರ ಕಿವಿಗೊಡಬೇಕಿಲ್ಲ.

‘ಹಾಗಾದರೆ ಸಿನಿಮಾ ಮಾಡುವವರ ಹೊಟ್ಟೆಪಾಡು?’ ಎಂದು ನೀವು ಕೇಳಬಹುದು. ಈ ವಾದಕ್ಕೆ ಬಲವಿದೆ. ಶುಕ್ರವಾರ ಬಿಡುಗಡೆಯಾದ ಸಣ್ಣ ಚಿತ್ರ ಶನಿವಾರಕ್ಕೆ ಟೆಲಿಗ್ರಾಮಿನಲ್ಲಿ ಸಿಕ್ಕರೆ ನಿರ್ಮಾಪಕ ಎದ್ದೇಳುವುದಿಲ್ಲ. ಅದಕ್ಕೆಂದೇ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು, ಚಿತ್ರಮಂದಿರದಲ್ಲಿ ರೆಕಾರ್ಡ್ ಮಾಡುವವರಿಗೆ, ಅದನ್ನು ಹರಡುವವರಿಗೆ ಕನಿಷ್ಠ ಮೂರು ತಿಂಗಳು ಜೈಲು, ಮೂರು ಲಕ್ಷ ದಂಡ ಇಟ್ಟಿದ್ದಾರೆ. ಅದನ್ನು ಸರಿಯಾಗಿ ಜಾರಿ ಮಾಡಲಿ. ಸೋರಿಕೆ ಆಗುವ ಜಾಗ ಹಿಡಿಯಲಿ, ಬೆಟ್ಟಿಂಗ್ ಜಾಹೀರಾತಿನ ಹಣದ ದಾರಿ ಹಿಡಿಯಲಿ. ಅದು ಕಷ್ಟದ ಕೆಲಸ. ನೋಡುಗನ ಫೋನ್ ನಂಬರು ಹಿಡಿಯುವುದು ಸುಲಭದ ಕೆಲಸ. ಸುಲಭದ್ದಕ್ಕೆ ಕಾನೂನಿನ ಅನುಮತಿ ಸಿಕ್ಕಿತೆಂದರೆ ಕಷ್ಟದ್ದನ್ನು ಯಾರು ಮಾಡುತ್ತಾರೆ?

ಹೊಟ್ಟೆಪಾಡಿನ ಮಾತು ಬಂತಲ್ಲ, ಅದನ್ನೂ ಕೇಳಿಬಿಡಿ. ಹಾಡು ಬರೆದವರಿಗೆ, ಚಿತ್ರಕತೆ ಬರೆದವರಿಗೆ ರಾಯಲ್ಟಿಯಲ್ಲಿ ಪಾಲು ಸಿಗಬೇಕು, ಆ ಹಕ್ಕನ್ನು ಬಿಟ್ಟುಕೊಡುವಂತೆ ಯಾರೂ ಬರೆಸಿಕೊಳ್ಳುವಂತಿಲ್ಲ ಎಂದು 2012ರಲ್ಲೇ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಆ ಪಾಲು ಕೊಡದವರ ಮನೆಗೆ ಬೆಳಗಿನ ಜಾವ ಪೊಲೀಸರು ನುಗ್ಗಿದ ಸುದ್ದಿಯನ್ನು ನೀವು ಎಂದಾದರೂ ಓದಿದ್ದೀರಾ? ನಾನು ಸಬ್‌ಟೈಟಲ್ ಬರೆಯುವುದು ನಿಮಿಷಕ್ಕಿಷ್ಟು ಎನ್ನುವ ಲೆಕ್ಕದಲ್ಲಿ. ಒಂದು ಸಲ ದುಡ್ಡು ಬಂದರೆ ಮುಗಿಯಿತು. ಆಮೇಲೆ ಹತ್ತು ಜನ ನೋಡಲಿ, ಹತ್ತು ಲಕ್ಷ ನೋಡಲಿ, ಸಕ್ರಮವಾಗಿ ನೋಡಲಿ, ಅಕ್ರಮವಾಗಿ ನೋಡಲಿ, ನನಗೆ ಬರುವುದು ಅಷ್ಟೇ. ಕಳೆದ ವರ್ಷದ ಒಂದು ಕೆಲಸಕ್ಕೆ ಒಪ್ಪಿದ ಹಣವೇ ಏಳು ತಿಂಗಳು ತಡವಾಯಿತು. ಕಲಾವಿದರ ಹೆಸರು ಹೇಳಿ ನೋಡುಗರನ್ನು ಹೆದರಿಸುವವರು ಮೊದಲು ಕಲಾವಿದರ ಲೆಕ್ಕ ಚುಕ್ತಾ ಮಾಡಲಿ.

ನೋಡುಗರಿಗೆ ದಂಡದ ನೀತಿಯ ಕರಡು ಎಂದಾದರೂ ಬಂದರೆ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳಬಹುದು. ಹಕ್ಕುದಾರ ಕಂಪನಿಗಳ ವಕೀಲರು ಮೊದಲ ದಿನವೇ ಬರೆಯುತ್ತಾರೆ. ನೀವೂ ಬರೆಯಿರಿ. ಚೆನ್ನೈಯಲ್ಲಿ, ದೆಹಲಿಯಲ್ಲಿ ಯಾವ ಕನ್ನಡ ಚಾನೆಲ್ಲಿಗೆ, ಯಾವ ಚಿತ್ರಕ್ಕೆ ದುಡ್ಡು ಕೊಡಲು ಹೋಗಿ ಖಾಲಿ ಕೈಯಲ್ಲಿ ವಾಪಸ್ ಬಂದಿರಿ ಎನ್ನುವುದನ್ನು ತಾರೀಖು ಸಮೇತ ಬರೆಯಿರಿ. ಅಜ್ಜಿಯ ಪರವಾಗಿ ಕೇಬಲ್ಲಿನವರಿಗೆ ನಾನು ಎರಡು ಸಲ ಲಿಖಿತ ದೂರು ಕೊಟ್ಟಿದ್ದೇನೆ, ಪ್ರತಿಗಳನ್ನು ಇಟ್ಟುಕೊಂಡಿದ್ದೇನೆ.