ಬೈಲಕುಪ್ಪೆಗೆ ಬರಲು, ಬೈಲಕುಪ್ಪೆಯಿಂದ ಹೋಗಲು

ಭಾರತದ ಇ-ವೀಸಾ ಜಾಲತಾಣದಲ್ಲಿ ಸೂಚನೆಗಳ ಉದ್ದ ಪಟ್ಟಿಯೊಂದಿದೆ. ಅಂತರರಾಷ್ಟ್ರೀಯ ಪ್ರಯಾಣ ದಾಖಲೆ ಹೊಂದಿದವರಿಗೆ ಈ ಸೌಲಭ್ಯ ಇಲ್ಲ ಎಂಬುದು ಅದರಲ್ಲೊಂದು. ಹೆಚ್ಚಿನವರು ಅದನ್ನು ಓದದೆ ಮುಂದೆ ಹೋಗುತ್ತಾರೆ, ಓದುವ ಅಗತ್ಯವೂ ಅವರಿಗಿಲ್ಲ. ಫ್ರಾನ್ಸಿನ ಪಾಸ್‌ಪೋರ್ಟ್ ಇರುವವರು ಪ್ಯಾರಿಸ್ಸಿನ ಮನೆಯಲ್ಲೇ ಕುಳಿತು ಅರ್ಜಿ ತುಂಬಿ, ಹಣ ಕಟ್ಟಿ, ಕೆಲವೇ ದಿನಗಳಲ್ಲಿ ಬೆಂಗಳೂರಿನ ವಿಮಾನ ಹತ್ತಬಹುದು. ಅದೇ ಕಟ್ಟಡದಲ್ಲಿ ಅದೇ ಫ್ರಾನ್ಸ್ ಸರ್ಕಾರ ಕೊಟ್ಟ ನಿರಾಶ್ರಿತರ ಪ್ರಯಾಣ ಪತ್ರ ಇಟ್ಟುಕೊಂಡವರು ಮಾತ್ರ ರಾಯಭಾರ ಕಚೇರಿಯ ದಾರಿ ಹಿಡಿಯಬೇಕು.

ಈ ಸಾಲು ಕರ್ನಾಟಕಕ್ಕೆ ನೇರವಾಗಿ ತಟ್ಟುತ್ತದೆ. ಟಿಬೆಟಿನಿಂದ ಹಿಮಾಲಯ ದಾಟಿ ಬಂದು, ಬೈಲಕುಪ್ಪೆಯ ಶಾಲೆಯಲ್ಲೋ ಸೆರಾ ಮಠದಲ್ಲೋ ಬೆಳೆದು, ಆಮೇಲೆ ಯುರೋಪ್ ಸೇರಿ ಅಲ್ಲಿ ನಿರಾಶ್ರಿತರೆಂಬ ಮಾನ್ಯತೆ ಪಡೆದವರಿದ್ದಾರೆ. ಅವರ ಅಕ್ಕ, ಚಿಕ್ಕಪ್ಪ, ಗುರುಗಳು ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇದ್ದಾರೆ. ಲೋಸರ್ ಹಬ್ಬಕ್ಕೆ ಬರಬೇಕೆಂದರೆ ಮೊದಲೇ ಯೋಜನೆ ಹಾಕಿಕೊಳ್ಳಬಹುದು. ಆದರೆ ಹಾಸಿಗೆ ಹಿಡಿದವರನ್ನು ನೋಡಲು ಬರುವವರ ಕೈಯಲ್ಲಿ ಅಷ್ಟು ಸಮಯ ಇರುವುದಿಲ್ಲ. ವೀಸಾ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಟಿಬೆಟನ್ ಕ್ಯಾಂಪಿನೊಳಗೆ ವಿದೇಶಿಯರು ತಂಗಬೇಕಾದರೆ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಅದು ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ತಾವು ಆಡಿ ಬೆಳೆದ ಊರಿನಲ್ಲಿ ರಾತ್ರಿ ಉಳಿಯುವಂತಿಲ್ಲದೆ ಕುಶಾಲನಗರದ ಲಾಡ್ಜಿನಲ್ಲಿ ಕೋಣೆ ಹಿಡಿದು, ಹಗಲು ಹೊತ್ತು ಮಾತ್ರ ಮನೆಗೆ ಹೋಗಿಬರಬೇಕಾದ ಪರಿಸ್ಥಿತಿ ಯಾರಿಗೂ ಬರಬಾರದು.

ನಿರಾಶ್ರಿತರಿಗೆ ಪ್ರಯಾಣ ಪತ್ರ ಕೊಡುವ ಪದ್ಧತಿಗೆ ನೂರು ವರ್ಷ ದಾಟಿದೆ. ರಷ್ಯಾದ ಕ್ರಾಂತಿ ಮತ್ತು ಅಂತರ್ಯುದ್ಧದ ನಂತರ ಲಕ್ಷಾಂತರ ಜನ ದೇಶ ಬಿಟ್ಟರು. ಸೋವಿಯತ್ ಸರ್ಕಾರ ಅವರ ಪೌರತ್ವವನ್ನು ಕಿತ್ತುಕೊಂಡಿತು. ನಾರ್ವೆಯ ಧ್ರುವ ಶೋಧಕ, ರಾಷ್ಟ್ರಸಂಘದ ನಿರಾಶ್ರಿತರ ಆಯುಕ್ತ ಫ್ರಿಟ್ಯೋಫ್ ನಾನ್ಸೆನ್ 1922ರಲ್ಲಿ ಅವರಿಗಾಗಿ ಒಂದು ಗುರುತಿನ ಪತ್ರದ ವ್ಯವಸ್ಥೆ ಮಾಡಿದ. ಅದೇ ವರ್ಷ ಅವನಿಗೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಸಂಗೀತಕಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್, ಕಾದಂಬರಿಕಾರ ನಬೊಕೊವ್ ಎಲ್ಲರೂ ಒಂದು ಕಾಲದಲ್ಲಿ 'ನಾನ್ಸೆನ್ ಪಾಸ್‌ಪೋರ್ಟ್' ಎಂದು ಹೆಸರಾದ ಆ ಹಾಳೆಯನ್ನೇ ನಂಬಿ ಗಡಿ ದಾಟಿದವರು. ಕಚೇರಿಗಳ ಮುಂದೆ ಅದನ್ನು ಹಿಡಿದು ನಿಂತ ದಿನಗಳ ಅವಮಾನವನ್ನು ನಬೊಕೊವ್ ತನ್ನ ಆತ್ಮಕಥೆಯಲ್ಲಿ ಮರೆಯದೆ ದಾಖಲಿಸಿದ್ದಾನೆ.

ಅವಮಾನಕ್ಕೆ ಕಾರಣ ಆ ಪತ್ರದಲ್ಲಿದ್ದ ಒಂದು ಕೊರತೆ. ಅದು ಹೊರಗೆ ಹೋಗಲು ನೆರವಾಗುತ್ತಿತ್ತು; ಕೊಟ್ಟ ದೇಶ ವಾಪಸು ಸೇರಿಸಿಕೊಳ್ಳಲೇಬೇಕು ಎಂಬ ಕಟ್ಟುಪಾಡು ಮೊದಲಿಗೆ ಅದರಲ್ಲಿ ಇರಲಿಲ್ಲ. ಹಿಂದೆ ಹೋಗಲು ದಾರಿಯಿಲ್ಲದ ಮನುಷ್ಯನನ್ನು ಅತಿಥಿಯಾಗಿ ಕರೆಯಲು ಯಾವ ದೇಶ ಮುಂದೆ ಬರುತ್ತದೆ? 1951ರ ನಿರಾಶ್ರಿತರ ಒಪ್ಪಂದ ಬರೆದವರು ಇದರಿಂದ ಪಾಠ ಕಲಿತಿದ್ದರು. ಅದರ 28ನೆಯ ವಿಧಿ ಪ್ರಯಾಣ ಪತ್ರ ಕೊಡುವ ಹೊಣೆಯನ್ನು ಆಶ್ರಯ ಕೊಟ್ಟ ದೇಶದ ಮೇಲೆ ಹೊರಿಸಿತು. ಅನುಬಂಧದ 13ನೆಯ ಪರಿಚ್ಛೇದ, ಪತ್ರದ ಅವಧಿ ಮುಗಿಯುವ ತನಕ ಅದನ್ನು ಹೊಂದಿದವರು ಯಾವಾಗ ಬಂದರೂ ಆ ದೇಶ ಒಳಗೆ ಬಿಟ್ಟುಕೊಳ್ಳಬೇಕು ಎಂದು ಹೇಳಿತು. ನಿರಾಶ್ರಿತರಿಂದ ವಸೂಲು ಮಾಡುವ ವೀಸಾ ಶುಲ್ಕ, ವಿದೇಶಿ ಪಾಸ್‌ಪೋರ್ಟುಗಳಿಗೆ ಇರುವ ದರಗಳಲ್ಲಿ ಅತಿ ಕಡಿಮೆಯದನ್ನು ಮೀರಬಾರದು ಎಂಬ ಮಾತೂ ಅದೇ ಅನುಬಂಧದಲ್ಲಿದೆ.

ಹೀಗಿದ್ದರೂ ಪ್ರವಾಸಿ ವೀಸಾದ ಕಿಟಕಿಯಲ್ಲಿ ಈ ಪತ್ರಕ್ಕೆ ಪಾಸ್‌ಪೋರ್ಟಿನ ಬೆಲೆ ಸಿಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ, ಭೇಟಿಗೆಂದು ಅರ್ಜಿ ಹಾಕಿದವರು ಅಲ್ಲೇ ನೆಲೆಸಲು ಬರುವವರೆಂದೇ ಮೊದಲು ಭಾವಿಸಲಾಗುತ್ತದೆ. ಹಾಗಲ್ಲ ಎಂದು ತೋರಿಸಿಕೊಡಬೇಕಾದವರು ಅರ್ಜಿದಾರರೇ. ಬೇರೆ ದೇಶಗಳೂ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತವೆ: ಕೆಲಸ ಎಲ್ಲಿದೆ, ಆಸ್ತಿ ಎಲ್ಲಿದೆ, ಮನೆಯಲ್ಲಿ ಯಾರಿದ್ದಾರೆ? ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸೈಟಿನ ಕ್ರಯಪತ್ರ ಮುಂದಿಡುತ್ತಾರೆ. ಬೈಲಕುಪ್ಪೆಯವರು ಏನನ್ನು ಮುಂದಿಡಬೇಕು? ಅವರು 1960ರ ದಶಕದಿಂದ ಕಾಡು ಕಡಿದು ಮುಸುಕಿನ ಜೋಳ ಬೆಳೆದ ನೆಲ ಸರ್ಕಾರದ್ದು; ಪಹಣಿಯಲ್ಲಿ ಅವರ ಹೆಸರಿಲ್ಲ. ಚಳಿಗಾಲದಲ್ಲಿ ಊರೂರಿನ ಮೈದಾನಗಳಲ್ಲಿ ಅಂಗಡಿ ಹಾಕಿ ಸ್ವೆಟರ್ ಮಾರುವ ಕುಟುಂಬಕ್ಕೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಸೆರಾದ ಅಥವಾ ಮುಂಡಗೋಡಿನ ಡ್ರೆಪುಂಗ್ ಮಠದ ಭಿಕ್ಷುವಿಗೆ ಸಂಬಳ, ಆಸ್ತಿ, ಹೆಂಡತಿ ಮಕ್ಕಳು ಯಾವುದೂ ಇಲ್ಲ. ಆಯುಷ್ಯವನ್ನೆಲ್ಲ ಒಂದೇ ಮಠದಲ್ಲಿ ಕಳೆಯಲು ನಿಶ್ಚಯಿಸಿದವರಿಗಿಂತ ಗಟ್ಟಿಯಾದ ಬೇರು ಯಾರಿಗಿದ್ದೀತು? ಆದರೆ ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ.

ವೀಸಾ ಅಧಿಕಾರಿಗಳ ಅನುಮಾನಕ್ಕೆ ಬುಡವೇ ಇಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಆಶ್ರಯ ಕೇಳಿದವರು ಇದ್ದಾರೆ. ಆದರೆ ಒಂದು ದೇಶದಲ್ಲಿ ಆಗಲೇ ರಕ್ಷಣೆ ಪಡೆದು, ವಾಪಸು ಬರುವ ಖಾತರಿಯನ್ನು ಬರಹದಲ್ಲೇ ಹೊಂದಿದವರನ್ನು ಅದೇ ಗುಂಪಿಗೆ ಸೇರಿಸುವುದು ಅನ್ಯಾಯ. ಯುರೋಪ್ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿತ್ತು. 1959ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆದ ಒಪ್ಪಂದದ ಪ್ರಕಾರ ಸದಸ್ಯ ದೇಶಗಳಲ್ಲಿ ನೆಲೆಸಿದ ನಿರಾಶ್ರಿತರು ಮೂರು ತಿಂಗಳವರೆಗಿನ ಭೇಟಿಗೆ ಪರಸ್ಪರ ವೀಸಾ ಇಲ್ಲದೆ ಹೋಗಿಬರಬಹುದು. ಫ್ರಾನ್ಸ್ 1986ರಲ್ಲಿ, ಬ್ರಿಟನ್ 2003ರಲ್ಲಿ ತಮ್ಮ ಪಾಲಿಗೆ ಅದನ್ನು ಅಮಾನತಿನಲ್ಲಿಟ್ಟವು. ಉಳಿದ ಹಲವು ದೇಶಗಳ ನಡುವೆ ಅದು ನಡೆದುಕೊಂಡೇ ಬಂದಿದೆ.

ಭಾರತದ ವಿಷಯ ಬೇರೆಯೇ. ನಮ್ಮ ದೇಶ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದ್ದರಿಂದ ಇಲ್ಲಿನ ಟಿಬೆಟನ್ನರಿಗೆ ಸಿಗುವುದು ಆ ಒಪ್ಪಂದದ ಪ್ರಯಾಣ ಪತ್ರವಲ್ಲ, ವಿದೇಶಾಂಗ ಸಚಿವಾಲಯ ಕೊಡುವ ಹಳದಿ ರಕ್ಷಾಪುಟದ ಐಸಿ, ಅಂದರೆ ಐಡೆಂಟಿಟಿ ಸರ್ಟಿಫಿಕೇಟ್. ಅದಕ್ಕೆ ಮೊದಲು ಪೊಲೀಸರಲ್ಲಿ ಮಾಡಿಸಿದ ನೋಂದಣಿ ಪತ್ರ, ಅವರೆಲ್ಲ 'ಆರ್‌ಸಿ' ಎನ್ನುವುದು, ಚಾಲ್ತಿಯಲ್ಲಿರಬೇಕು. ವಿದೇಶದ ವೀಸಾ ಸಿಕ್ಕ ಮೇಲೂ ವಿದೇಶಿಯರ ನೋಂದಣಿ ಕಚೇರಿಯಿಂದ ನಿರ್ಗಮನ ಪರವಾನಗಿ ಪಡೆಯಬೇಕು, ಭಾರತಕ್ಕೆ ಮರಳಲು ರಿಟರ್ನ್ ವೀಸಾ ಪಡೆಯಬೇಕು. ಹುಟ್ಟಿದ್ದು ಬೈಲಕುಪ್ಪೆಯಲ್ಲಿ, ಓದಿದ್ದು ಮೈಸೂರಿನಲ್ಲಿ, ಮಾತು ಚೊಕ್ಕ ಕನ್ನಡ. ಆದರೂ ಮನೆಗೆ ವಾಪಸು ಬರಲು ವೀಸಾ! ನಾನ್ಸೆನ್ ಪತ್ರದಲ್ಲಿ 1922ರಲ್ಲಿದ್ದ ಕೊರತೆ ಇದೇ ಅಲ್ಲವೇ? ಹೊರಡುವವರ ಕೈಯಲ್ಲಿ ಮರಳುವ ಹಕ್ಕನ್ನು ನಾವೇ ಸಾರಿ ಹೇಳದೆ ಹೋದರೆ, 'ವಾಪಸು ಹೋಗುತ್ತೀರಾ' ಎಂದು ಪರದೇಶದ ಅಧಿಕಾರಿ ಕೇಳುವುದನ್ನು ತಪ್ಪೆನ್ನಲಾಗದು.

ಪಾಸ್‌ಪೋರ್ಟ್ ತೆಗೆದುಕೊಂಡರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು 2010ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿತು, 2013ರಲ್ಲಿ ಕರ್ನಾಟಕ ಹೈಕೋರ್ಟೂ ಒಪ್ಪಿತು. 2017ರಲ್ಲಿ ವಿದೇಶಾಂಗ ಸಚಿವಾಲಯ ಅಂಥವರಿಗೆ ಪಾಸ್‌ಪೋರ್ಟ್ ಕೊಡಲು ಸಿದ್ಧವಾಯಿತು, ಷರತ್ತುಗಳೊಡನೆ: ಆರ್‌ಸಿ, ಐಸಿ ಎರಡನ್ನೂ ಒಪ್ಪಿಸಬೇಕು, ನಿರಾಶ್ರಿತರ ಕ್ಯಾಂಪಿನಲ್ಲಿ ವಾಸ ಇರಬಾರದು, ಅಲ್ಲಿನ ಸವಲತ್ತು ಬಿಡಬೇಕು. ಅಪ್ಪ ಅಮ್ಮ ಇರುವ ಮನೆ ಬಿಟ್ಟರೆ ಪಾಸ್‌ಪೋರ್ಟ್ ಎಂಬ ಆಯ್ಕೆ ಆಯ್ಕೆಯೇ ಅಲ್ಲ. ಮೇಲಾಗಿ, ಪೌರತ್ವ ಬೇಡ, ಟಿಬೆಟಿನ ಹಕ್ಕು ಬಿಡಲಾರೆವು ಎನ್ನುವವರೂ ಇದ್ದಾರೆ. ಆ ನಿಲುವಿಗೆ ದಂಡವಾಗಿ ಅವರ ಪ್ರಯಾಣವನ್ನು ತಡೆಯಬಾರದು.

ವೀಸಾ ಕೈಗೆ ಬಂದರೂ ವಿಮಾನ ನಿಲ್ದಾಣದ ಗಂಡಾಂತರ ಉಳಿದಿರುತ್ತದೆ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೆ ದಂಡ ಬೀಳುತ್ತದೆ. ಯುರೋಪಿನಲ್ಲಿ ಅದು ತಲೆಗೆ ಸಾವಿರಾರು ಯೂರೋ. ಹೀಗಾಗಿ ಅಪರೂಪದ ಪುಸ್ತಕ ಕಂಡ ಕೌಂಟರಿನ ಸಿಬ್ಬಂದಿ ಧೈರ್ಯ ಮಾಡುವುದಿಲ್ಲ. ಒಪ್ಪಂದದ ಪತ್ರ ಹೊಂದಿದವರ ರಾಷ್ಟ್ರೀಯತೆಯ ಜಾಗದಲ್ಲಿ ಯಂತ್ರ ಓದುವುದು 'ಎಕ್ಸ್‌ಎಕ್ಸ್‌ಬಿ' ಎಂಬ ಸಂಕೇತವನ್ನು, ದೇಶದ ಹೆಸರನ್ನಲ್ಲ. ಹೊರಡುವವರು ವಾರ ಮುಂಚೆಯೇ ವಿಮಾನ ಕಂಪನಿಯಿಂದ, ನಡುವೆ ವಿಮಾನ ಬದಲಿಸುವ ದೇಶದ ರಾಯಭಾರ ಕಚೇರಿಯಿಂದ ಲಿಖಿತ ಉತ್ತರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಪತ್ರದ ಅವಧಿಯನ್ನೂ ನೋಡಿಕೊಳ್ಳಬೇಕು. ಅಮೆರಿಕ ಕೊಡುವ ನಿರಾಶ್ರಿತರ ಪ್ರಯಾಣ ಪತ್ರ ಚಾಲ್ತಿಯಲ್ಲಿರುವುದೇ ಒಂದು ವರ್ಷ. ಆರು ತಿಂಗಳ ಅವಧಿ ಉಳಿದಿರಬೇಕೆನ್ನುವ ದೇಶಕ್ಕೆ ಹೋಗುವುದಾದರೆ ಅದರ ಅರ್ಧ ಆಯಸ್ಸು ಲೆಕ್ಕಕ್ಕೇ ಬಾರದು.

ಇದನ್ನು ಸರಿಪಡಿಸಲು ಭಾರತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುವವರೆಗೆ ಕಾಯಬೇಕಿಲ್ಲ. ಅವಧಿ ಮುಗಿಯುವ ತನಕ ಇವರು ಭಾರತಕ್ಕೆ ಮರಳಬಹುದು ಎಂಬ ಸಾಲನ್ನು ಐಸಿಯೊಳಗೇ ಅಚ್ಚು ಹಾಕಿ, ಪ್ರತ್ಯೇಕ ರಿಟರ್ನ್ ವೀಸಾವನ್ನು ಕೈಬಿಡಬಹುದು. ಹೊರದೇಶದ ನಿರಾಶ್ರಿತರ ಪತ್ರದ ಮೇಲೆ ಬರುವವರಿಗೂ ಇ-ವೀಸಾ ತೆರೆಯಬಹುದು. ಹತ್ತಿರದ ಸಂಬಂಧಿಕರಿಗೆ ಕ್ಯಾಂಪಿನ ಪರವಾನಗಿಯನ್ನು ಕಾಯಿಲೆ ಮತ್ತು ಸಾವಿನ ಸಂದರ್ಭದಲ್ಲಿ ಎರಡು ಮೂರು ದಿನಗಳಲ್ಲಿ ಕೊಡಬಹುದು. ಇವೆಲ್ಲ ಕೇಂದ್ರದ ಕೈಯಲ್ಲಿವೆ. ಆದರೆ ದೇಶದಲ್ಲೇ ಅತಿ ಹೆಚ್ಚು ಟಿಬೆಟನ್ನರು ಇರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ. ಇವರಲ್ಲಿ ಹೆಚ್ಚಿನವರಿಗೆ ಮತವಿಲ್ಲ ಎಂಬ ಕಾರಣಕ್ಕೆ ಸುಮ್ಮನಿರದೆ, ಮೈಸೂರು–ಕೊಡಗು ಮತ್ತು ಉತ್ತರ ಕನ್ನಡದ ಸಂಸದರು ಸಂಸತ್ತಿನ ಮುಂದಿನ ಅಧಿವೇಶನದಲ್ಲಿ ಈ ಮೂರು ಬೇಡಿಕೆಗಳನ್ನು ಎತ್ತಬೇಕು.